ಹದಿನೇಳನೆಯ ನೊಣ

ಹೈದರಾಬಾದ್
೧೧ ಜೂನ್ ೨೦೧೨

ಕೇಶವಣ್ಣನವರಿಗೆ ಮಂಜುಶ್ರೀಯ ನಮಸ್ಕಾರ.

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ದಯವಿಟ್ಟು ಒಡೆಯದೆ ಎತ್ತಿಡಬೇಡಿ. ನಾವು ಮಾತಾಡಿ ಮೂರು ವರ್ಷವಾಗುತ್ತಾ ಬಂತು. ಫೋನ್ ಮಾಡಿದರೆ ಗೌರಕ್ಕ, "ಅವ್ರು ಸ್ನಾನಕ್ಕೆ ಹೋಗಿದ್ದಾರೆ ಕಣಮ್ಮ" ಅನ್ನುತ್ತಾರೆ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಮಾಡಿದೆ, ಮೂರು ಸಲವೂ ನೀವು ಸ್ನಾನದಲ್ಲೇ ಇದ್ದಿರಿ. ಅದಕ್ಕೇ ಈ ಕಾಗದ.

ಇಲ್ಲಿಯ ಲ್ಯಾಬಿಗೆ ಬರುವಾಗ ನನ್ನ ಹಳೆಯ ಡಿ.ಎನ್.ಎ. ಟ್ಯೂಬುಗಳನ್ನೂ ತಂದಿದ್ದೆ, ಜಕ್ಕೂರು ಕೆರೆಯ ಕೆಳಗೆ ನೀವು ಹಿಡಿದ ಹೂನೊಣಗಳವು. ಕಥೆ ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಬರೆದರೆ ನನಗೆ ಧೈರ್ಯ ಬರುತ್ತದೆ. ನಮ್ಮ ಕೀಟ ಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷ ನೊಣಗಳಿಗೆ ಸೂಜಿ ಚುಚ್ಚಿ, ಚಿತ್ರ ಬರೆದು, ನೀವು ಹೇಳಿದ್ದು ಇಷ್ಟು: ಇದು ಒಂದು ಜಾತಿ ಅಲ್ಲ, ಎರಡು. ಗಂಡಿನ ನಡುಗಾಲಿನಲ್ಲಿ, ಮೊಣಕಾಲಿನ ಕೆಳಗೆ ಒಳಮಗ್ಗುಲಿಗೆ ಕೂದಲು ಇಲ್ಲದ್ದು ಮೊದಲನೆಯದು, ಬಿಳಿ ಕೂದಲಿನ ಸಾಲು ಇರುವುದು ಎರಡನೆಯದು. ೨೦೦೯ರಲ್ಲಿ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ನಾನು ಬರೆದದ್ದು: ಜೀನ್ ಓದಿ ನೋಡಿದರೆ ಎರಡಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲ, ಆದ್ದರಿಂದ ಒಂದೇ ಜಾತಿ. ಕೂದಲಿನ ಸಾಲು "ಚಿತ್ರಕಾರರ ಊಹೆ ಇರಬಹುದು." ಆ ಪುಟವನ್ನು ನಾನು ಈಗ ತೆರೆಯುವುದಿಲ್ಲ.

ಆಗ ನಾನು ಓದಿದ್ದು ತಾಯಿಯಿಂದ ಮಾತ್ರ ಬರುವ ಜೀನ್. ಕಳೆದ ತಿಂಗಳು ಪಕ್ಕದ ಮೇಜಿನ ಸಬೀರಾ, ತಾಯಿ ತಂದೆ ಇಬ್ಬರಿಂದಲೂ ಬರುವ ಇನ್ನೊಂದು ಜೀನ್ ಓದುವುದನ್ನು ಕಲಿಸಿದಳು. ಕೈ ಪಳಗಲಿ ಎಂದು ಹಳೆಯ ಟ್ಯೂಬುಗಳನ್ನೇ ಹಾಕಿದೆ. ಹತ್ತೊಂಬತ್ತು ಟ್ಯೂಬು. ಹದಿನೈದು ಒಂದು ಕಡೆ ಬಿದ್ದವು. ನಾಲ್ಕು ಬೇರೆಯಾಗಿ ನಿಂತವು, ಒಂಬತ್ತು ಜಾಗಗಳಲ್ಲಿ ಬೇರೆ ಅಕ್ಷರ. ಆ ನಾಲ್ಕರ ನಂಬರನ್ನು ರಿಜಿಸ್ಟರಿನ ಜೆರಾಕ್ಸಿನಲ್ಲಿ ಹುಡುಕಿದೆ. ನಾಲ್ಕಕ್ಕೆ ನಾಲ್ಕೂ ನೀವು "ಎರಡನೆಯದು" ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದವು. ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನಿಂತುಬಿಟ್ಟೆ.

ಆದರೆ ನಾಲ್ಕು ಸಾಲದು. ನಾಲ್ಕನ್ನು ಯಾರೂ ನಂಬುವುದಿಲ್ಲ. ಹೊಸ ನೊಣಗಳು ಬೇಕು, ಅವನ್ನು ಹಿಡಿಯಬಲ್ಲವರು ನೀವೊಬ್ಬರೇ.

ಉತ್ತರ ಬರೆದರೆ ಉಪಕಾರವಾಗುತ್ತದೆ.
ಮಂಜುಶ್ರೀ


ಅಟ್ಟೂರು, ಯಲಹಂಕ
೬ ಜುಲೈ ೨೦೧೨

ಮಂಜುಶ್ರೀಗೆ,

ನೀನು ಅಂದುಕೊಂಡ ಹಾಗೆ ಒಡೆಯದೆ ಎತ್ತಿಟ್ಟಿದ್ದೆ. ಗೌರಮ್ಮ ಒಡೆದು ಓದಿದಳು. ತಾನು ಓದಿದ್ದು ಸಾಲದೆಂದು ಊಟಕ್ಕೆ ಕೂತ ನನಗೂ ಗಟ್ಟಿಯಾಗಿ ಓದಿ ಹೇಳಿದಳು. ತಟ್ಟೆ ಬಿಟ್ಟು ಏಳುವ ಹಾಗಿರಲಿಲ್ಲ, ಅವತ್ತು ಬಸ್ಸಾರು ಮುದ್ದೆ.

ನಾಲ್ಕು ಟ್ಯೂಬು ಎಂದು ಬರೆದಿದ್ದೀಯ. ಸಂತೋಷ. ಆ ಟ್ಯೂಬುಗಳಲ್ಲಿ ಅರೆದು ಹಾಕಿದ್ದು ಏನನ್ನು ಎಂದು ಮಾತ್ರ ಬರೆದಿಲ್ಲ. ನಾನೇ ಬರೆಯುತ್ತೇನೆ.

ಸೂಜಿ ಚುಚ್ಚಿದ ನೊಣದಿಂದ ಕಾಲು ಕೀಳಬೇಕಾದರೆ ಬಲಗಡೆಯ ನಡುಗಾಲನ್ನು ಕೀಳಬೇಕು, ಎಡಗಡೆಯದನ್ನು ಮುಟ್ಟಬಾರದು. ಒಂದು ಹೋದರೂ ಅದರ ಜೋಡಿ ಉಳಿದಿರಲಿ ಎಂದು. ಕಿತ್ತವರು ಅದೇ ಸೂಜಿಗೆ ಕೆಳಗೆ ಒಂದು ಚೀಟಿ ಚುಚ್ಚಬೇಕು: ಏನು ತೆಗೆದೆ, ಯಾವತ್ತು, ಯಾರ ಕೈ. ಈ ಪಾಠವನ್ನು ಹೊಸ ಹುಡುಗಿಯರಿಗೆಲ್ಲ ಹೇಳಿಕೊಡುತ್ತಿದ್ದವಳು ನೀನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಿನ್ನ ಪ್ರಬಂಧ ಓದಿದ ಮಾರನೆಯ ದಿನ ನಾನು ಆ ಪೆಟ್ಟಿಗೆ ತೆರೆದೆ. ನೊಣವನ್ನೇ ಲೆನ್ಸಿನ ಕೆಳಗಿಟ್ಟು, "ನೋಡ್ರೀ ಸ್ವಾಮಿ, ಊಹೆಯೋ ಕೂದ್ಲೋ ನೀವೇ ನೋಡ್ರೀ" ಎಂದು ಪ್ರಬಂಧ ನೋಡುವ ದೊಡ್ಡವರ ಮುಂದೆ ಹಿಡಿಯೋಣ ಎಂದು. ಎರಡನೆಯ ಬಗೆಯವು ಇದ್ದದ್ದೇ ನಾಲ್ಕು ಗಂಡು. ನಾಲ್ಕಕ್ಕೂ ಎರಡೂ ನಡುಗಾಲುಗಳಿಲ್ಲ. ಎಂಟು ಕಾಲು. ಚೀಟಿಯೂ ಇಲ್ಲ. ಭೂಮಿಯ ಮೇಲೆ ಆ ಕೂದಲಿನ ಸಾಲಿಗೆ ಇದ್ದ ಸಾಕ್ಷಿ ಆ ಎಂಟು ಕಾಲು, ಮಂಜು. ಉಳಿದದ್ದು ನನ್ನ ಚಿತ್ರ, ಅದನ್ನು ನೀನು ಊಹೆ ಎಂದೆ.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಿನ್ನ ಡಿಗ್ರಿ ಹೋಗುತ್ತಿತ್ತು.

ಸಿಟ್ಟು ಅದಕ್ಕಷ್ಟೇ ಆಗಿದ್ದರೆ ಇಷ್ಟು ಹೊತ್ತಿಗೆ ಇಳಿದಿರುತ್ತಿತ್ತು. ಅವತ್ತಿನಿಂದ ನನಗೇ ಅನುಮಾನ ಶುರುವಾಯಿತು. ನಾನು ಕಂಡದ್ದು ಅಲ್ಲಿ ಇತ್ತೋ, ಇರಲಿ ಎಂಬ ಆಸೆಗೆ ಕಂಡೆನೋ? ಮೊದಲನೇ ಸಲ ಕಂಡ ಮೇಲೆ ಆಮೇಲಿನವುಗಳಲ್ಲೆಲ್ಲ ಬರೀ ಹಟಕ್ಕೆ ಕಂಡೆನೋ? ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಕಲಿತದ್ದು ಡ್ರಾಯಿಂಗು. ರಿಟೈರ್ ಆದ ಮೇಲೆ ಪೆನ್ಸಿಲ್ ಮುಟ್ಟಿಲ್ಲ.

ಚನ್ನಕೇಶವ


ಹೈದರಾಬಾದ್
೧೪ ಜುಲೈ ೨೦೧೨

ಕೇಶವಣ್ಣ,

ಬಲಗಾಲಿನಿಂದ ಡಿ.ಎನ್.ಎ. ಬರಲಿಲ್ಲ. ಪ್ರಬಂಧ ಒಪ್ಪಿಸಲು ಹನ್ನೊಂದು ದಿನ ಉಳಿದಿತ್ತು. ಎಡಗಾಲನ್ನೂ ಕಿತ್ತೆ. ಕೀಳುವ ಮೊದಲು ಲೆನ್ಸಿನಲ್ಲಿ ನೋಡಲಿಲ್ಲ. ನೋಡಿದರೆ ಕೂದಲು ಕಾಣಿಸುತ್ತಿತ್ತೇನೋ. ಕಂಡರೆ ಬರೆಯಬೇಕಾಗುತ್ತಿತ್ತು, ಅದಕ್ಕೇ ನೋಡಲಿಲ್ಲವೇನೋ. ಇದನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ, ಮೊದಲ ಸಲ ಈ ಕಾಗದದಲ್ಲಿ ಬರೆಯುತ್ತಿದ್ದೇನೆ.

ಚೀಟಿ ಬರೆಯಲು ಕೂತಿದ್ದೆ. ಕೈ ಬರಲಿಲ್ಲ.

ನಿಮಗೆ ಗೊತ್ತಿತ್ತು, ಆದರೂ ಸುಮ್ಮನಿದ್ದಿರಿ ಎನ್ನುವುದನ್ನು ಓದಿ ಬಹಳ ಹೊತ್ತು ಅತ್ತೆ. ತಪ್ಪಾಯಿತು ಎಂದರೆ ಎಂಟು ಕಾಲು ವಾಪಸು ಬರುವುದಿಲ್ಲ. ಆದರೂ, ತಪ್ಪಾಯಿತು.

ಮಂಜು


ಅಟ್ಟೂರು
೨೩ ಸೆಪ್ಟೆಂಬರ್ ೨೦೧೨

ಮಂಜು,

ಎರಡು ತಿಂಗಳು ಬರೆಯಲಿಲ್ಲ. ಬರೆಯಬಾರದೆಂದೇ ಇದ್ದೆ. ಗೌರಮ್ಮ ಒಂದು ದಿನ, "ಆ ಹುಡುಗಿ ತಪ್ಪು ಒಪ್ಕೊಂಡ್ಳು. ನಿಮಗೇನು ಕಷ್ಟ? ಬಲೆ ತಗೊಂಡು ಹೋಗ್ರೀ, ಮನೇಲಿ ಕೂತು ನನ್ನ ಪ್ರಾಣ ತಿನ್ಬೇಡಿ" ಎಂದು ಬಲೆಯನ್ನು ಅಟ್ಟದಿಂದ ಇಳಿಸಿ ಕೈಗೇ ಕೊಟ್ಟಳು. ಬಲೆ ತೂತು ಬಿದ್ದಿತ್ತು. ಅವಳೇ ಹಳೇ ಸೊಳ್ಳೆಪರದೆ ಕತ್ತರಿಸಿ ಹೊಲಿದಳು.

ಜಕ್ಕೂರಿಗೆ ಹೋದೆ. ಕೆರೆ ಏರಿಯ ಆಚೆ ಕಟ್ಟಡ ಎದ್ದಿವೆ, ಹನ್ನೆರಡು ಹದಿಮೂರು ಮಹಡಿ. ಆದರೆ ಕೋಡಿಯ ಕೆಳಗೆ ಮುನಿವೆಂಕಟಮ್ಮನ ಸೊಪ್ಪಿನ ಮಡಿಗಳು ಹಾಗೇ ಇವೆ. ಬೀಜಕ್ಕೆಂದು ಬಿಟ್ಟ ಕೊತ್ತಂಬರಿ ಹೂವಾಗಿತ್ತು. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಬಂತು. ಎಲ್ಲಿಂದ ಬಂತೆಂದು ಎಂದಾದರೂ ಗೊತ್ತಾಗುತ್ತದೆಯೇ? ಇರಲಿಲ್ಲ, ಇದೆ, ಅಷ್ಟೇ. ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಗಾಳಿಗೆ ಅತ್ತ ಇತ್ತ ತುಯ್ಯುತ್ತಾ ಗಡಗಡ ಎನ್ನುತ್ತಿತ್ತು. ಇಲ್ಲಿ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಗೋಧಿಕಾಳಿನಷ್ಟು ಜೀವ ಅದೇ ಗಾಳಿಯಲ್ಲಿ ಅಲ್ಲಾಡದೆ ನಿಂತಿದೆ. ರೆಕ್ಕೆ ಕಾಣುವುದಿಲ್ಲ, ನಿಂತಿರುವುದು ಮಾತ್ರ ಕಾಣುತ್ತದೆ. ಮೂರು ವರ್ಷ ಇದನ್ನು ನೋಡದೆ ಹೇಗಿದ್ದೆನೋ! ಕಣ್ಣಲ್ಲಿ ನೀರು ಬಂತು, ಬಲೆ ಬೀಸುವುದೇ ಮರೆತುಹೋಯಿತು.

ಮುನಿವೆಂಕಟಮ್ಮ ಸಬ್ಬಸಿಗೆ ಕೀಳುತ್ತಾ ನೋಡುತ್ತಿದ್ದವಳು ಬಂದಳು.

"ಏನ್ ಸ್ವಾಮಿ, ಬಾಳ ದಿನ ಆಯ್ತು ಈ ಕಡೆ ಬಂದು? ನಿಂತ್ಕಳೋ ನೊಣ ಇಡಿಯಾಕೆ ಬಂದ್ರಾ? ಯಾವ್ದು ಬೇಕು, ಒತ್ತಾರೆದಾ ಬಿಸ್ಲಿಂದಾ?"

ಏನಮ್ಮ ಹಾಗಂದರೆ ಎಂದೆ.

"ಇಂಗೆ ಕೇಳ್ತೀರಲ್ಲ! ಒಂದು ಒತ್ತಾರೆನೇ ಬತ್ತದೆ, ಕಾಲ್ವೆ ತಾವ, ಕೊಳ್ತಿರೋ ಈರುಳ್ಳಿ ಗುಡ್ಡೆ ಮ್ಯಾಲೆ ನಿಂತ್ಕತದೆ, ಮೊಣಕಾಲುದ್ದ. ಇನ್ನೊಂದು ಬಿಸ್ಲು ಏರಿದ್ಮ್ಯಾಗೆ, ಊವಿನ್ ಮ್ಯಾಲೆ, ಸೊಂಟದುದ್ದ. ಈಟು ವರ್ಸ ಬಂದ್ರಿ, ಇದ್ ಗೊತ್ತಾಗ್ಲಿಲ್ವಾ ನಿಮ್ಗೆ?"

ಗೊತ್ತಾಗಿರಲಿಲ್ಲ ಕಣೆ. ನಾನು ಯಾವಾಗಲೂ ಆಫೀಸಿನ ಬಸ್ಸಿಳಿದು ಹತ್ತು ಗಂಟೆಗೆ ಹೋಗುತ್ತಿದ್ದೆ. ಅದಕ್ಕೇ ಎರಡನೆಯ ಬಗೆ ಇಪ್ಪತ್ತೆರಡು ವರ್ಷದಲ್ಲಿ ನಾಲ್ಕೇ ಸಿಕ್ಕಿತ್ತು! ಮಾರನೆಯ ದಿನದಿಂದ ಆರು ಗಂಟೆಗೆ ಹೋದೆ. ಈರುಳ್ಳಿ ಗುಡ್ಡೆಯ ಮೇಲೆ ಅವು, ಒಂದಲ್ಲ, ಹತ್ತು. ಮಂಜಿನಲ್ಲಿ ಬಿಸಿಲು ಒಂದು ಗೆರೆ ಬಿದ್ದರೆ ಸಾಕು, ಅಷ್ಟೂ ಒಟ್ಟಿಗೆ ಏಳುತ್ತಿದ್ದವು.

ಈಗ ಕೆಲಸದ ಮಾತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ. ಇಪ್ಪತ್ನಾಲ್ಕು ಗಂಡು ನೊಣಗಳನ್ನು ಹಿಡಿದು ಸೂಜಿ ಚುಚ್ಚಿದ್ದೇನೆ. ಹೊತ್ತು, ಜಾಗ ಯಾವುದೂ ನೆನಪಾಗದಂತೆ ಗೌರಮ್ಮನ ಕೈಯಲ್ಲಿ ಅದಲುಬದಲು ಮಾಡಿಸಿ ನಂಬರು ಹಾಕಿಸಿದೆ. ಆಮೇಲೆ ಒಂದೊಂದನ್ನೇ ಲೆನ್ಸಿನಲ್ಲಿ ನೋಡಿ ಯಾವುದು ಯಾವ ಬಗೆ ಎಂದು ಪಟ್ಟಿ ಮಾಡಿದೆ. ಪಟ್ಟಿ ಒಳಗಿನ ಸಣ್ಣ ಕವರಿನಲ್ಲಿದೆ. ಗೌರಮ್ಮ ಅನ್ನದ ಅಗುಳಿನಿಂದ ಅಂಟಿಸಿದ್ದಾಳೆ, ನೀನು ಕದ್ದು ತೆಗೆದರೆ ಗೊತ್ತಾಗುತ್ತದೆಯಂತೆ. ನಿನಗೆ ಕಳಿಸುತ್ತಿರುವುದು ಬಟರ್ ಪೇಪರಿನಲ್ಲಿ ಮಡಚಿದ ಇಪ್ಪತ್ನಾಲ್ಕು ಕಾಲು, ನಂಬರು ಮಾತ್ರ. ಈ ಸಲ ಹಿಂಗಾಲು. ನಡುಗಾಲುಗಳು ನನ್ನ ಹತ್ತಿರ ಭದ್ರವಾಗಿವೆ.

ನೀನು ಜೀನ್ ನೋಡಿ ನಿನ್ನ ಪಟ್ಟಿ ಬರೆದು ಮುಗಿಸಿದ ಮೇಲೆ ನನ್ನದನ್ನು ಒಡೆ. ಎರಡು ಪಟ್ಟಿಯೂ ಕೂಡಿದರೆ ಕೂಡಿತು. ಕೂಡದಿದ್ದರೆ ಸುತ್ತಿ ಬಳಸಿ ಬರೆಯಬೇಡ, "ತಪ್ಪು" ಎಂದು ಒಂದೇ ಮಾತು ಬರೆ. ನನ್ನ ಚಿತ್ರಗಳು ಟ್ರಂಕಿನಲ್ಲಿವೆ, ನಲವತ್ತು ಹಾಳೆ. ಅವನ್ನು ನಾನೇ ಬಚ್ಚಲ ಒಲೆಗೆ ಹಾಕುತ್ತೇನೆ. ಅರವತ್ತೆರಡನೇ ವಯಸ್ಸಿಗೆ ಒಬ್ಬ ಮನುಷ್ಯ ತನ್ನ ಕಣ್ಣು ತನಗೆ ಸುಳ್ಳು ಹೇಳಿತೋ ಇಲ್ಲವೋ ಎಂದು ತಿಳಿದುಕೊಳ್ಳಲೇಬೇಕು.

ಕೇಶವಣ್ಣ


(ಕಾರ್ಡು)
ಹೈದರಾಬಾದ್
೯ ನವೆಂಬರ್ ೨೦೧೨

ಅಣ್ಣ, ನಿಮ್ಮ ಕವರ್ ಸಬೀರಾಳ ಬೀರುವಿನಲ್ಲಿದೆ, ಬೀಗದ ಕೈ ಅವಳ ಹತ್ತಿರ. ಒಂಬತ್ತನೆಯ ಕಾಲಿನಿಂದ ಏನೂ ಬರಲಿಲ್ಲ, ಅದು ಹೋಯಿತು. ಹದಿನೇಳನೆಯದನ್ನು ನಾನು ಕೆಡಿಸಿದ್ದೇನೆ ಅನ್ನಿಸುತ್ತದೆ. ಎರಡು ನೊಣ ಬೆರೆತುಹೋದ ಹಾಗೆ ಓದುತ್ತಿದೆ. ಎಲ್ಲೋ ಕೈ ತಪ್ಪಿ ಒಂದರ ಹನಿ ಇನ್ನೊಂದಕ್ಕೆ ಬಿದ್ದಿರಬೇಕು. ಅದರ ಇನ್ನೊಂದು ಹಿಂಗಾಲು ಕಳಿಸುತ್ತೀರಾ? ಕೇಳಲು ನಾಚಿಕೆಯಾಗುತ್ತದೆ. ಮಂಜು.


(ಕಾರ್ಡು, ಕಾಲಿನ ಕವರಿನ ಜೊತೆ)
ಅಟ್ಟೂರು
೧೭ ನವೆಂಬರ್ ೨೦೧೨

ಕಳಿಸಿದ್ದೇನೆ. ಕಿತ್ತದ್ದಕ್ಕೆ ಚೀಟಿ ಚುಚ್ಚಿದ್ದೇನೆ. ಹದಿನೇಳು ಎಂದು ಸರಿಯಾಗಿ ನೋಡಿ ಬರೆದೆಯಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚ.ಕೇ.


ಹೈದರಾಬಾದ್
೨೧ ಡಿಸೆಂಬರ್ ೨೦೧೨

ಕೇಶವಣ್ಣ,

ಎಲ್ಲಿಂದ ಶುರು ಮಾಡಲಿ? ನಿಧಾನವಾಗಿ ಬರೆಯುತ್ತೇನೆ. ನೀವೂ ನಿಧಾನವಾಗಿ ಓದಿ. ಗೌರಕ್ಕ, ನೀವೇ ಓದುತ್ತಿದ್ದರೆ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹದಿನೇಳನೆಯದರ ಹೊಸ ಕಾಲು ಬಂತು. ಮೇಜು ಒರೆಸಿ, ಹೊಸ ಕೈಗವಸು ಹಾಕಿಕೊಂಡು, ಬೇರೆ ಯಾವ ನೊಣವನ್ನೂ ಹತ್ತಿರ ಇಟ್ಟುಕೊಳ್ಳದೆ ಅದೊಂದನ್ನೇ ಮಾಡಿದೆ. ಮತ್ತೆ ಅದೇ. ಎರಡು ಬಗೆಗಳನ್ನು ಬೇರ್ಪಡಿಸುವ ಆ ಒಂಬತ್ತು ಜಾಗಗಳಲ್ಲೂ ಮೊದಲನೆಯದರ ಅಕ್ಷರವೂ ಇದೆ, ಎರಡನೆಯದರ ಅಕ್ಷರವೂ ಇದೆ. ಸಬೀರಾ ತಾನು ಮಾಡುತ್ತೇನೆಂದು ಮೂರನೆಯ ಸಲ ಮಾಡಿದಳು. ಅದೇ. ಕಡೆಗೆ ನನ್ನ ಪಟ್ಟಿಯಲ್ಲಿ ಹದಿನೇಳರ ಮುಂದೆ "ಕೆಟ್ಟಿದೆ, ಲೆಕ್ಕಕ್ಕಿಲ್ಲ" ಎಂದು ಬರೆದು ಸಹಿ ಹಾಕಿದೆ.

ಆಮೇಲೆ ಬೀರು ತೆಗೆದೆವು. ಅನ್ನದ ಅಗುಳು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಬ್ಲೇಡಿನಿಂದ ಬಿಡಿಸಿದೆವು. ಸಬೀರಾ ನಿಮ್ಮ ಪಟ್ಟಿ ಹಿಡಿದಳು, ನಾನು ನನ್ನದು. ಅವಳಿಗೆ ಕನ್ನಡ ಅಂಕಿ ಬಾರದು, ಆದ್ದರಿಂದ ನೀವು ಸಾಲಾಗಿ ಬರೆದದ್ದನ್ನು ಬೆರಳಿಟ್ಟು ತೋರಿಸಿದಳು, ನಾನು ಓದಿದೆ. ಒಂದು, ಮೊದಲನೆಯದು. ಸರಿ. ಎರಡು, ಎರಡನೆಯದು. ಸರಿ. ಮೂರು, ಸರಿ. ಓದಲು ಬಾರದ ಒಂಬತ್ತನ್ನು ಬಿಟ್ಟು ಮುಂದೆ ಹೋದೆವು. ಹದಿನಾರರವರೆಗೂ ಸರಿ ಅಣ್ಣ! ನಾನು ಕಂಡಿರದ ನೊಣಗಳು, ನೀವು ಕಂಡಿರದ ಅಕ್ಷರಗಳು, ಎರಡೂ ಒಂದೇ ಮಾತು ಹೇಳುತ್ತಿವೆ.

ಹದಿನೇಳರ ಮೇಲೆ ಅವಳು ಬೆರಳಿಟ್ಟಳು. ಅಲ್ಲಿ ನೀವು ಹೀಗೆ ಬರೆದಿದ್ದೀರಿ: "ಗೊತ್ತಾಗಲಿಲ್ಲ. ಕೂದಲು ಶುರುವಾಗಿದೆ, ಅರ್ಧಕ್ಕೆ ನಿಂತಿದೆ."

ಪಟ್ಟಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಮತ್ತೆ ಓದಿದೆ. ಅವಳು, "ಕ್ಯಾ ಹುವಾ, ಕ್ಯಾ ಲಿಖಾ ಹೈ" ಎಂದು ಭುಜ ಅಲುಗಿಸಿದಳು. ಬರೆದದ್ದನ್ನು ಹಿಂದಿಯಲ್ಲಿ ಹೇಳಿದೆ.

ಅದು ಕೆಟ್ಟಿರಲಿಲ್ಲ ಅಣ್ಣ. ಅದರ ತಾಯಿ ಒಂದು ಜಾತಿ, ತಂದೆ ಇನ್ನೊಂದು. ಇಬ್ಬರಿಂದಲೂ ಬರುವ ಜೀನ್ ಆದ್ದರಿಂದ ಇಬ್ಬರ ಅಕ್ಷರವೂ ಅದರಲ್ಲಿದೆ. ಮೆಷಿನ್ನು ಅದನ್ನೇ ಮೂರು ಸಲ ಹೇಳಿತು, ನಾನು ಮೂರು ಸಲವೂ ನನ್ನ ಕೈ ತಪ್ಪು ಎಂದೆ. ಅಟ್ಟೂರಿನ ಕಿಟಕಿಯ ಪಕ್ಕ ಕೂತು, ಕೈಲಿ ಹಿಡಿಯುವ ಒಂದು ಲೆನ್ಸಿನಲ್ಲಿ ನೀವು ಅದನ್ನು ಮೂರು ತಿಂಗಳ ಮೊದಲೇ ಕಂಡು ಬರೆದಿದ್ದಿರಿ. ಉಳಿದ ಏಳೂ ಸರಿ. ಓದಲು ಬಂದ ಇಪ್ಪತ್ತಮೂರರಲ್ಲಿ ನಿಮ್ಮದು ಒಂದೂ ತಪ್ಪಿಲ್ಲ.

೨೦೦೯ರಲ್ಲಿ ನಾನು ಮೋಸಹೋದದ್ದು ಏಕೆಂದೂ ಈಗ ಅರ್ಥವಾಗುತ್ತಿದೆ. ಎರಡೂ ಬೇರೆ ಮನೆ ಮಾಡಿಕೊಂಡು ಬಹಳ ಕಾಲವಾಗಿದ್ದರೂ ಎಂದೋ ಒಮ್ಮೆ, ಈ ಹದಿನೇಳನೆಯದರ ಹಾಗೆ, ಒಂದರ ಹೆಣ್ಣು ಇನ್ನೊಂದರ ಸಂಸಾರಕ್ಕೆ ಹೋಗಿರಬೇಕು. ತಾಯಿಯಿಂದ ಮಾತ್ರ ಬರುವ ಅವಳ ಜೀನ್ ಎರಡೂ ಮನೆಯಲ್ಲಿ ಉಳಿದಿರಬೇಕು. ನಾನು ಅಜ್ಜಿ ಒಬ್ಬಳೇ ಎಂಬುದನ್ನಷ್ಟೇ ಓದಿ ಮನೆಯೂ ಒಂದೇ ಎಂದುಬಿಟ್ಟೆ.

ನೀವು ಒಂದೇ ಮಾತು ಬರೆ ಎಂದಿದ್ದಿರಿ. ಬರೆಯುತ್ತೇನೆ. ಎರಡು.

ಚಿತ್ರಗಳನ್ನು ಒಲೆಗೆ ಹಾಕಬೇಡಿ.
ನಿಮ್ಮ ಮಂಜು


ಅಟ್ಟೂರು
೨ ಜನವರಿ ೨೦೧೩

ಚಿರಂಜೀವಿ ಮಂಜುಗೆ,

ಗೌರಮ್ಮ ಓದಲಿಲ್ಲ, ನಾನೇ ಓದಿದೆ. ಹದಿನೇಳಕ್ಕೆ ಬಂದಾಗ ನಿಲ್ಲಿಸಿ ಎದ್ದು ನೀರು ಕುಡಿದೆ. ಮತ್ತೆ ಮೊದಲಿನಿಂದ ಓದಿದೆ. ಆಮೇಲೆ ಜಗುಲಿಗೆ ಹೋಗಿ ಕೂತೆ. ಎದುರು ಮನೆಯ ದೊಡ್ಡಮುನಿಯಪ್ಪ, "ಯಾಕ್ ಕೇಶವಪ್ಪ, ಒಬ್ನೇ ನಗ್ತಾ ಇದ್ದೀಯ?" ಎಂದ. ಎರಡು ಕಣೋ, ಎರಡು ಎಂದೆ. ಏನು ಎರಡು ಎಂದು ಅವನು ಕೇಳಲಿಲ್ಲ. ಪುಣ್ಯಾತ್ಮ, ತಾನೂ ನಕ್ಕ.

ಒಂದು ವಿಷಯ ನಿನಗೆ ಹೇಳಬೇಕು. ಹದಿನೇಳರ ಮುಂದೆ ನಾನು ಮೊದಲು ಬರೆದದ್ದು "ಎರಡನೆಯದು" ಎಂದು. ಅಳಿಸಿ "ಮೊದಲನೆಯದು" ಎಂದೆ. ಅದನ್ನೂ ಅಳಿಸಿದೆ. ಹಾಳೆ ತೆಳುವಾಗಿರುವುದನ್ನು ಬೆಳಕಿಗೆ ಹಿಡಿದು ನೋಡು, ಕಾಣುತ್ತದೆ. ಇಪ್ಪತ್ನಾಲ್ಕರಲ್ಲಿ ಒಂದಕ್ಕೆ ಗೊತ್ತಿಲ್ಲ ಎಂದರೆ ನೀನು, ನೋಡಿದಿರಾ, ಉಳಿದದ್ದೂ ಊಹೆಯೇ ಅನ್ನುತ್ತೀಯ ಎಂದು ಭಯ. ಸುಮ್ಮನೆ ಯಾವುದಾದರೂ ಒಂದು ಬರೆದುಬಿಡೋಣ ಎಂದು ಪೆನ್ಸಿಲ್ ಎತ್ತಿದ್ದೆ. ಕಾಫಿ ತಂದ ಗೌರಮ್ಮ, "ಎಷ್ಟೊತ್ತಿಂದ ಅದೊಂದನ್ನೇ ಉಜ್ತಾ ಇದ್ದೀರ? ಗೊತ್ತಾಗ್ದಿದ್ರೆ ಗೊತ್ತಾಗ್ಲಿಲ್ಲ ಅಂತ ಬರೀರಿ. ಅದ್ರಲ್ಲೇನು ಮಾನ ಹೋಗೋದು?" ಎಂದಳು. ಅಷ್ಟು ಹೊತ್ತಿಗೆ ಅವಳು ಬರದಿದ್ದರೆ ಏನೋ ಒಂದು ಬರೆದೇಬಿಡುತ್ತಿದ್ದೆ. ಕಂಡದ್ದನ್ನು ಕಂಡಷ್ಟೇ ಬರೆ ಎಂದು ನಿನಗೆ ಕಲಿಸಿದವನು ನಾನು. ನಿನ್ನ ಹನ್ನೊಂದು ದಿನ ಎಂಥದ್ದೆಂದು ಆಗ ನನಗೆ ಅರ್ಥವಾಯಿತು.

ಹದಿನೇಳರ ಚಿತ್ರವನ್ನು ಈಗ ಬರೆಯುತ್ತಿದ್ದೇನೆ. ಕೂದಲು ಇರುವುದು ಹನ್ನೊಂದು. ಹನ್ನೊಂದನೆಯದರ ನಂತರ ಬರೀ ನುಣುಪು. ಒಂದು ಸಾಸಿವೆಯ ಕಾಲುಭಾಗವೂ ಇಲ್ಲದ ಜಾಗದಲ್ಲಿ ಅದರಪ್ಪ ಅದರಮ್ಮ ಇಬ್ಬರೂ ನಿಂತಿದ್ದಾರೆ. ಬರೆಯುತ್ತಾ ಬರೆಯುತ್ತಾ ನಡುವೆ ಸುಮ್ಮನೆ ನೋಡುತ್ತಾ ಕೂತುಬಿಡುತ್ತೇನೆ. ಇದನ್ನೆಲ್ಲ ಯಾರು ನೋಡಲಿ ಎಂದು ಇಷ್ಟು ಅಚ್ಚುಕಟ್ಟಾಗಿ ಇಟ್ಟಿದೆಯೋ.

ಮುನಿವೆಂಕಟಮ್ಮನಿಗೆ ಹೋಗಿ ಹೇಳಿದೆ. "ಅದ್ನೇ ಅಲ್ವಾ ನಾನೇಳಿದ್ದು" ಎಂದು ಒಂದು ಕಟ್ಟು ಸಬ್ಬಸಿಗೆ ಕೊಟ್ಟಳು. ಇವಳ ಹೆಸರನ್ನೂ ನಿನ್ನ ಲೇಖನದಲ್ಲಿ ಹಾಕು, ಮರೆಯಬೇಡ.

ನಿನ್ನೆ ಸಂಗ್ರಹಾಲಯಕ್ಕೆ ಹೋಗಿದ್ದೆ. ಅಟೆಂಡರ್ ಜಮೀರ್ ಬೀಗ ತೆಗೆದುಕೊಟ್ಟ. ಆ ಹಳೆಯ ಪೆಟ್ಟಿಗೆ ತೆರೆದೆ. ನಿನಗೆ ತಿಳಿಸಿರಲಿಲ್ಲ, ೨೦೦೯ರಲ್ಲಿ ಅದನ್ನು ಮುಚ್ಚುವ ಮುಂಚೆ ಆ ನಾಲ್ಕು ನೊಣಗಳ ಸೂಜಿಗೂ ನಾನು ಒಂದೊಂದು ಚೀಟಿ ಚುಚ್ಚಿ ಇಟ್ಟಿದ್ದೆ. ನಾಲ್ಕೂ ಖಾಲಿ. ನನ್ನ ಕೈಯಲ್ಲಿ ಬರೆಯಬಹುದಿತ್ತು, ಬರೆಯಲಿಲ್ಲ. ಇನ್ನೂ ಖಾಲಿಯೇ ಇವೆ, ಸ್ವಲ್ಪ ಹಳದಿಯಾಗಿವೆ.

ಸಂಕ್ರಾಂತಿಗೆ ಬಾ. ಆರು ಗಂಟೆಗೆ ಈರುಳ್ಳಿ ಗುಡ್ಡೆಯ ಹತ್ತಿರ ಕೂರೋಣ. ಆಮೇಲೆ ಪೆಟ್ಟಿಗೆ ತೆಗೆದು ಕೊಡುತ್ತೇನೆ. ಚಿಮುಟ ತರಬೇಡ, ಪೆನ್ನು ತಾ.

ನಿನ್ನ
ಕೇಶವಣ್ಣ